ಮನೆಯ ಬ್ರೈಲ್ ಪ್ರಿಂಟರಿಗೆ ಕೈಗೆಟಕುವ ಬೆಲೆಯ ಕಾಗದ ಆರಿಸುವ ಬಗೆ

ಮನೆಯಲ್ಲಿ ಬ್ರೈಲ್ ಪ್ರಿಂಟರ್, ಅಂದರೆ ಎಂಬಾಸರ್, ಇಟ್ಟುಕೊಂಡವರಿಗೆ ಯಂತ್ರದ ಬೆಲೆ ಒಂದು ಬಾರಿಯ ಹೊರೆ. ಕಾಗದದ ಖರ್ಚು ಯಂತ್ರ ದುಡಿಯುವಷ್ಟು ಕಾಲವೂ ಇರುತ್ತದೆ. ಮಾರಾಟಗಾರರು ಯಂತ್ರದ ಜೊತೆಗೆ ಒದಗಿಸುವ ವಿಶೇಷ ಬ್ರೈಲ್ ಕಾಗದ ಗುಣದಲ್ಲಿ ಚೆನ್ನಾಗಿಯೇ ಇರುತ್ತದೆ. ಆದರೆ ಶಾಲೆಗೆ ಹೋಗುವ ಮಗುವಿನ ಒಂದು ವರ್ಷದ ಪಾಠ, ಟಿಪ್ಪಣಿ, ಅಭ್ಯಾಸದ ಪ್ರಶ್ನೆಗಳನ್ನೆಲ್ಲ ಅದರಲ್ಲೇ ತೆಗೆಯಲು ಹೊರಟರೆ ಸಾಧಾರಣ ಸಂಸಾರದ ಲೆಕ್ಕಕ್ಕೆ ಅದು ಹೊಂದುವುದಿಲ್ಲ. ಹಾಗೆಂದು ಜೆರಾಕ್ಸ್ ಅಂಗಡಿಯ ತೆಳು ಹಾಳೆಯನ್ನೇ ಎಲ್ಲಕ್ಕೂ ಬಳಸಿದರೆ, ಕೆಲವು ಸಲ ಬೆರಳಾಡಿಸುವಷ್ಟರಲ್ಲಿ ಚುಕ್ಕಿಗಳು ಕುಸಿದು, ಅದೇ ಪಾಠವನ್ನು ಮತ್ತೆ ಮುದ್ರಿಸಬೇಕಾಗುತ್ತದೆ. ಕಡಿಮೆ ಖರ್ಚಿನ ಕಾಗದವೆಂದರೆ ಕಡಿಮೆ ಬೆಲೆಯ ಕಾಗದವಲ್ಲ; ಯಾವ ಬರಹವನ್ನು ಎಷ್ಟು ಸಲ ಓದಬೇಕೋ ಅಷ್ಟು ಸಲ ತಾಳಿಕೊಂಡು, ಅದಕ್ಕಿಂತ ಹೆಚ್ಚಿನ ದಪ್ಪಕ್ಕೆ ದುಡ್ಡು ತೆರಿಸದ ಕಾಗದ. ಅದನ್ನು ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಇಲ್ಲಿನ ಪರೀಕ್ಷೆಗಳೆಲ್ಲ ಬೆರಳಿನಿಂದ, ತೂಕದಿಂದ ಮತ್ತು ಲೆಕ್ಕದಿಂದ ಆಗುವಂಥವು. ಬ್ರೈಲ್ ಓದುವವರೇ ಅಂಗಡಿಯಲ್ಲಿ ನಿಂತು ಇವನ್ನು ಮಾಡಬಹುದು.

ಕನ್ನಡದ ಮಟ್ಟಿಗೆ ಕಾಗದದ ಪ್ರಶ್ನೆ ಇನ್ನಷ್ಟು ದೊಡ್ಡದು. ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ಗುಣಿತಾಕ್ಷರವನ್ನು ಬಿಡಿಸಿ ಬರೆಯುತ್ತೇವೆ: ಕಿ ಎಂಬ ಒಂದು ಅಕ್ಷರಕ್ಕೆ ಕ ಮತ್ತು ಇ ಎಂಬ ಎರಡು ಸೆಲ್‌ಗಳು, ಅಂದರೆ ಆರು ಚುಕ್ಕಿಗಳವರೆಗೆ ಹಿಡಿಸುವ ಎರಡು ಮನೆಗಳು, ಬೇಕು. ಒತ್ತಕ್ಷರ ಬಂದರೆ, ವ್ಯಂಜನಕ್ಕೆ ಸ್ವರವಿಲ್ಲವೆಂದು ತೋರಿಸುವ ಹಲಂತದ ಸೆಲ್ ಕೂಡ ಸೇರುತ್ತದೆ. ಹೀಗಾಗಿ ಅಕ್ಕಿ ಎಂಬ ಎರಡಕ್ಷರದ ಪದ ಬ್ರೈಲ್‌ನಲ್ಲಿ ಐದು ಸೆಲ್‌ಗಳಷ್ಟು ಉದ್ದವಾಗುತ್ತದೆ. ಇಂಗ್ಲಿಷ್ ಬ್ರೈಲ್‌ನಲ್ಲಿ ಸಂಕ್ಷೇಪಗಳನ್ನು ಬಳಸಿ ಜಾಗ ಉಳಿಸುವ ಪದ್ಧತಿ ಚೆನ್ನಾಗಿ ಬೆಳೆದಿದೆ; ಕನ್ನಡದಲ್ಲಿ ಬಹುಪಾಲು ಪೂರ್ಣವಾಗಿಯೇ ಬರೆಯುತ್ತೇವೆ. ಒಂದು ಸೆಲ್‌ನಿಂದ ಮುಂದಿನದಕ್ಕೆ ಸುಮಾರು 6 ಮಿಲಿಮೀಟರ್, ಒಂದು ಸಾಲಿನಿಂದ ಮುಂದಿನದಕ್ಕೆ ಸುಮಾರು 10 ಮಿಲಿಮೀಟರ್ ಬೇಕಾಗುವುದರಿಂದ, ಅಂಚು ಬಿಟ್ಟು ಎ4 ಹಾಳೆಯ ಒಂದು ಮಗ್ಗುಲಿಗೆ 30 ಸೆಲ್‌ಗಳ 26 ಸಾಲುಗಳಷ್ಟು ಹಿಡಿಸುತ್ತವೆ. ಮುದ್ರಿತ ಪುಸ್ತಕದ ಒಂದು ಪುಟ ಇಲ್ಲಿ ಹಲವು ಪುಟಗಳಾಗುತ್ತದೆ. ಆದ್ದರಿಂದ ಹಾಳೆಯೊಂದಕ್ಕೆ ಉಳಿಸಿದ ಕಾಲು ರೂಪಾಯಿಯೂ ವರ್ಷದ ಕೊನೆಗೆ ಗಣನೀಯ ಮೊತ್ತವಾಗುತ್ತದೆ.

ಮೊದಲ ಹೆಜ್ಜೆ: ಯಂತ್ರದ ಮಿತಿ ತಿಳಿಯುವುದು

ಎಂಬಾಸರ್‌ನಲ್ಲಿ ಶಾಯಿ ಇಲ್ಲ. ವಿದ್ಯುತ್ ಕಾಂತದ ಬಲದಿಂದ ಚಿಕ್ಕ ಲೋಹದ ಮೊಳೆಯೊಂದು ಕಾಗದವನ್ನು ಎದುರಿನ ಕುಳಿಯೊಳಕ್ಕೆ ತಳ್ಳುತ್ತದೆ. ಅಲ್ಲಿ ಕಾಗದದ ನಾರುಗಳು ಹಿಗ್ಗಿ ಸುಮಾರು ಅರ್ಧ ಮಿಲಿಮೀಟರ್ ಎತ್ತರದ ಉಬ್ಬು ನಿಲ್ಲುತ್ತದೆ. ಕಾಗದ ತೀರ ದಪ್ಪವಾದರೆ ಮೊಳೆಗೆ ಅದನ್ನು ಪೂರ್ತಿ ಎಬ್ಬಿಸಲಾಗದೆ ಚುಕ್ಕಿ ತಗ್ಗಾಗುತ್ತದೆ, ಕಾಂತಗಳ ಮೇಲೆ ಹೊರೆ ಬೀಳುತ್ತದೆ. ತೀರ ತೆಳುವಾದರೆ ಮೊಳೆ ಕಾಗದವನ್ನು ತೂತು ಮಾಡಿ ಹೊರಬರುತ್ತದೆ. ಎಷ್ಟರಿಂದ ಎಷ್ಟು ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದಕ್ಕೆ ಎಷ್ಟು ಗ್ರಾಂ) ತೂಕದ ಕಾಗದ, ಎಷ್ಟು ಅಗಲ, ಎಷ್ಟು ಉದ್ದ, ಬಿಡಿ ಹಾಳೆಯೋ ಅಥವಾ ಅಂಚಿನಲ್ಲಿ ತೂತುಗಳಿರುವ ಮಡಿಕೆ ಕಾಗದವೋ ಎಂಬುದೆಲ್ಲ ಯಂತ್ರದ ಕೈಪಿಡಿಯಲ್ಲಿರುತ್ತದೆ. ಸ್ವೀಡನ್ನಿನ ಇಂಡೆಕ್ಸ್ ಬ್ರೈಲ್ ಕಂಪನಿಯ ಯಂತ್ರಗಳನ್ನೇ ನೋಡಿದರೆ ಎವರೆಸ್ಟ್ ಮಾದರಿ ಬಿಡಿ ಹಾಳೆಗಳನ್ನು ನುಂಗುತ್ತದೆ, ಬೇಸಿಕ್ ಮಾದರಿಗೆ ಮಡಿಕೆ ಕಾಗದವೇ ಬೇಕು. ಕೈಪಿಡಿ ಕಳೆದುಹೋಗಿದ್ದರೆ ಮಾದರಿಯ ಹೆಸರು ಹಿಡಿದು ತಯಾರಕರಿಂದ ತರಿಸಿಕೊಳ್ಳಿ. ವಾರಂಟಿ ಇರುವ ಯಂತ್ರದಲ್ಲಿ ಹೇಳಿದ ಮಿತಿಯನ್ನು ಮೀರಿದ ಕಾಗದ ಹಾಕಿ ಕೆಟ್ಟರೆ ದುರಸ್ತಿಯ ಖರ್ಚು ನಿಮ್ಮ ಮೇಲೆಯೇ ಬೀಳಬಹುದು. ಮುಂದೆ ಹೇಳುವುದೆಲ್ಲ ಆ ಮಿತಿಯೊಳಗೇ ಎಂದು ತಿಳಿಯಬೇಕು.

ಎರಡನೆಯ ಹೆಜ್ಜೆ: ಬರಹವನ್ನು ಬಳಕೆಯ ಮೇಲೆ ವಿಂಗಡಿಸುವುದು

ಮನೆಯಲ್ಲಿ ಮುದ್ರಿಸುವುದೆಲ್ಲವೂ ಒಂದೇ ತೂಕದ ಕಾಗದವನ್ನು ಕೇಳುವುದಿಲ್ಲ, ಹೆಚ್ಚಿನ ಉಳಿತಾಯವೂ ಇಲ್ಲಿಯೇ ಆಗುತ್ತದೆ. ಅಂಗಡಿಗೆ ಹೋಗುವ ಮೊದಲು, ಕಳೆದ ತಿಂಗಳು ಮುದ್ರಿಸಿದ ಹಾಳೆಗಳನ್ನು ಮುಂದಿಟ್ಟುಕೊಂಡು ಯಾವುದನ್ನು ಎಷ್ಟು ಸಲ, ಯಾರು ಓದಿದರು ಎಂದು ಯೋಚಿಸಿ ಕಟ್ಟುಗಳಾಗಿ ಬೇರ್ಪಡಿಸಿ.

ಸಾಮಾನಿನ ಚೀಟಿ, ದೂರವಾಣಿ ಸಂಖ್ಯೆಗಳ ತಾತ್ಕಾಲಿಕ ಪಟ್ಟಿ, ತಪ್ಪು ತಿದ್ದಲೆಂದು ತೆಗೆದ ಕರಡು ಪ್ರತಿ ಇವುಗಳಿಗೆ 80 ಜಿಎಸ್‌ಎಂ ಸಾಕು. ಒಂದೇ ಮಗ್ಗುಲಿಗೆ, ಹೊಡೆತದ ಬಲವನ್ನು ಕಡಿಮೆ ಮಾಡಿ ಮುದ್ರಿಸಬೇಕು. ಕಚೇರಿಯಲ್ಲಿ ಒಂದು ಬದಿ ಅಚ್ಚಾಗಿ ಬಿಸಾಡುವ ಹಾಳೆಗಳು ಈ ಕೆಲಸಕ್ಕೆ ಬಿಟ್ಟಿಯಾಗಿಯೇ ದೊರೆಯುತ್ತವೆ. ಸ್ಟೇಪಲ್ ಪಿನ್ ಉಳಿದಿಲ್ಲವೆಂದು ಪ್ರತಿ ಹಾಳೆಯ ಮೂಲೆಯನ್ನೂ ಬೆರಳಲ್ಲಿ ಸವರಿ ನೋಡುವುದು ಕಡ್ಡಾಯ, ಏಕೆಂದರೆ ಒಂದು ಪಿನ್ನು ಒಳಗೆ ಹೋದರೆ ಮೊಳೆಯೇ ಹಾಳಾಗಬಹುದು. ಪತ್ರಗಳು, ಒಂದು ಪರೀಕ್ಷೆ ಮುಗಿಯುವವರೆಗೆ ಬೇಕಾಗುವ ಟಿಪ್ಪಣಿ, ಹಾಡಿನ ಸಾಹಿತ್ಯ ಇಂಥವಕ್ಕೆ 100ರಿಂದ 120 ಜಿಎಸ್‌ಎಂ ಹೊಂದುತ್ತದೆ. ವರ್ಷವಿಡೀ ಕೈಯಾಡುವ ಪಠ್ಯ, ಹಿರಿಯರು ದಿನವೂ ಓದುವ ಸ್ತೋತ್ರ ಅಥವಾ ವಚನಗಳ ಪುಸ್ತಕ, ಪದಕೋಶದಂಥ ಪರಾಮರ್ಶನದ ಬರಹ ಇವು 140ರಿಂದ 160 ಜಿಎಸ್‌ಎಂ ಕಾಗದಕ್ಕೆ ಸೇರಬೇಕು.

ಈಗಷ್ಟೇ ಬ್ರೈಲ್ ಕಲಿಯುತ್ತಿರುವ ಮಗುವಿನ ವಿಷಯದಲ್ಲಿ ಮಾತ್ರ ಉಳಿತಾಯದ ಯೋಚನೆಯನ್ನು ಬದಿಗಿಡಬೇಕೆಂದು ನಾನು ಬಲವಾಗಿ ಹೇಳುತ್ತೇನೆ. ಕಲಿಯುವ ಮಗು ಬೆರಳನ್ನು ಒತ್ತಿ ಓದುತ್ತದೆ, ಹಿಂದೆ ಮುಂದೆ ಉಜ್ಜುತ್ತದೆ, ಕೈ ಬೆವರುತ್ತದೆ. ಹಾಗಿರುವಾಗ ತೆಳು ಕಾಗದದ ಸೋತ ಚುಕ್ಕಿಯನ್ನು ಕೊಟ್ಟರೆ ಕಾಗದದ ದೋಷವನ್ನು ಮಗು ತನ್ನ ದೋಷವೆಂದು ತಿಳಿಯುತ್ತದೆ. ಸೆಲ್‌ನ ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3, ಬಲಗಡೆ 4, 5, 6 ಎಂದು ಚುಕ್ಕಿಗಳನ್ನು ಎಣಿಸುತ್ತೇವೆ. ಮ ಅಕ್ಷರಕ್ಕೆ 1, 3, 4ನೆಯ ಚುಕ್ಕಿಗಳು, ಕ ಅಕ್ಷರಕ್ಕೆ 1, 3ನೆಯ ಚುಕ್ಕಿಗಳು. ನಾಲ್ಕನೆಯದೊಂದು ಕುಸಿದರೆ ಮರ ಎಂಬುದು ಕರ ಎಂದಾಗುತ್ತದೆ. ಪ ಅಕ್ಷರದ ನಾಲ್ಕನೆಯ ಚುಕ್ಕಿ ಹೋದರೆ ಲ ಉಳಿಯುತ್ತದೆ. ದ ಅಕ್ಷರದ ಐದನೆಯದು ಹೋದರೆ ಚ. ಅನುಭವಿ ಓದುಗರು ಸಂದರ್ಭ ನೋಡಿ ಸರಿಪಡಿಸಿಕೊಳ್ಳುತ್ತಾರೆ, ಆದರೆ ಒಂದನೇ ತರಗತಿಯ ಮಗುವಿಗೆ ಆ ಆಸರೆ ಇಲ್ಲ. ಆ ಮಗುವಿನ ಪುಸ್ತಕಕ್ಕೆ 160 ಜಿಎಸ್‌ಎಂ, ಯಂತ್ರ ತಾಳುವುದಾದರೆ 180 ಜಿಎಸ್‌ಎಂ ಕಾಗದವನ್ನೇ ಬಳಸಿ.

ಮೂರನೆಯ ಹೆಜ್ಜೆ: ಜಿಎಸ್‌ಎಂ ನಿಜವೇ ಎಂದು ತೂಗಿ ನೋಡುವುದು

ಸುತ್ತುಕಾಗದದ ಮೇಲೆ ಬರೆದ ಸಂಖ್ಯೆಯನ್ನಾಗಲೀ ಅಂಗಡಿಯವರು ಬಾಯಲ್ಲಿ ಹೇಳುವುದನ್ನಾಗಲೀ ಪರೀಕ್ಷಿಸದೆ ಒಪ್ಪಬೇಕಿಲ್ಲ. 16 ಎ4 ಹಾಳೆಗಳನ್ನು ಸೇರಿಸಿದರೆ ಸರಿಯಾಗಿ ಒಂದು ಚದರ ಮೀಟರ್ ಆಗುತ್ತದೆ. ಹಾಗಾಗಿ 16 ಹಾಳೆಗಳನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಇಟ್ಟರೆ ಎಷ್ಟು ಗ್ರಾಂ ಬರುತ್ತದೆಯೋ ಅದೇ ಜಿಎಸ್‌ಎಂ. 160 ಗ್ರಾಂ ತೂಗಿದರೆ 160 ಜಿಎಸ್‌ಎಂ, 120 ತೂಗಿದರೆ 120. ಮಾತನಾಡುವ ತಕ್ಕಡಿ ಇದ್ದರೆ ಯಾರ ನೆರವೂ ಬೇಡ. ಎರಡು ಮೂರು ಗ್ರಾಂ ಹೆಚ್ಚು ಕಡಿಮೆ ಸಹಜ, ಮಳೆಗಾಲದಲ್ಲಿ ಕಾಗದ ತೇವ ಹೀರಿ ಸ್ವಲ್ಪ ಹೆಚ್ಚೇ ತೂಗಬಹುದು. 160 ಎಂದು ಕೊಂಡದ್ದು 140ರ ಸಮೀಪ ನಿಂತರೆ ಮಾತ್ರ ವಿಚಾರಿಸಬೇಕು.

ತೂಕದಷ್ಟೇ ದಪ್ಪವನ್ನೂ ಗಮನಿಸಿ. ಒಂದೇ ಜಿಎಸ್‌ಎಂನ ಎರಡು ಕಾಗದಗಳಲ್ಲಿ ಒಂದು ಉಬ್ಬಿ ದಪ್ಪವಾಗಿಯೂ ಇನ್ನೊಂದು ಅದುಮಿ ನಯವಾಗಿಯೂ ಇರಬಹುದು. ಉಬ್ಬಿದ ಕಾಗದ ಕೈಗೆ ದಪ್ಪ ಎನಿಸಿದರೂ ಅದರ ನಾರುಗಳು ಸಡಿಲ. ಚುಕ್ಕಿ ಮೆತ್ತಗೆ ಎದ್ದು ಬೇಗ ಕೂರುತ್ತದೆ. ನನ್ನ ಆಯ್ಕೆ ಯಾವಾಗಲೂ ಗಟ್ಟಿಯಾಗಿ, ಅಲ್ಲಾಡಿಸಿದರೆ ಟಪಟಪ ಎಂದು ಸದ್ದು ಕೊಡುವ ಕಾಗದ.

ನಾಲ್ಕನೆಯ ಹೆಜ್ಜೆ: ಬಗೆಯನ್ನು ಆರಿಸುವುದು

ಕಾಗದದ ಸಗಟು ಅಂಗಡಿಗಳಲ್ಲಿ ಬ್ರೈಲ್ ಕಾಗದ ಎಂದು ಕೇಳಿದರೆ ಇಲ್ಲ ಎಂಬ ಉತ್ತರ ಬರಬಹುದು. ಮ್ಯಾಪ್ಲಿಥೋ, ಬಾಂಡ್, ಲೆಡ್ಜರ್, ಕಾರ್ಟ್ರಿಡ್ಜ್ ಎಂಬ ಲೇಪವಿಲ್ಲದ ಕಾಗದಗಳ ಹೆಸರುಗಳನ್ನು ಹೇಳಿ, ಬೇಕಾದ ಜಿಎಸ್‌ಎಂ ಹೇಳಿ ಕೇಳಿ. ಬೆಂಗಳೂರಿನಲ್ಲಾದರೆ ಸುಲ್ತಾನ್‌ಪೇಟೆ, ಅವೆನ್ಯೂ ರಸ್ತೆಯ ಸುತ್ತಮುತ್ತ ಇವು ದೊರೆಯುತ್ತವೆ; ಬೇರೆ ಊರುಗಳಲ್ಲಿ ಲಗ್ನಪತ್ರಿಕೆ ಮುದ್ರಿಸುವ ಪ್ರೆಸ್ಸಿನವರಿಗೆ ಯಾರಿಂದ ಕಾಗದ ಬರುತ್ತದೆ ಎಂದು ಕೇಳಿದರೆ ಸಗಟು ವ್ಯಾಪಾರಿಯ ವಿಳಾಸ ಸಿಕ್ಕಿಬಿಡುತ್ತದೆ. ಮುದ್ರಣ ಮತ್ತು ಬರವಣಿಗೆಯ ಕಾಗದ ತಯಾರಿಸುವ ದೊಡ್ಡ ಗಿರಣಿ ನಮ್ಮ ದಾಂಡೇಲಿಯಲ್ಲೇ ಇದೆ. ಕರ್ನಾಟಕದವರು ಕಾಗದಕ್ಕಾಗಿ ದೂರ ಹುಡುಕಬೇಕಾಗಿಲ್ಲ.

ಎರಡು ಬಗೆಯ ಕಾಗದವನ್ನು ಅಗ್ಗವಾಗಿ ಸಿಕ್ಕರೂ ಬಿಡಬೇಕು. ಒಂದು, ಹೊಳಪಿನ ಲೇಪವಿರುವ ಆರ್ಟ್ ಪೇಪರ್. ಮೊಳೆಯ ಹೊಡೆತಕ್ಕೆ ಅದರ ಲೇಪ ಬಿರುಕು ಬಿಡುತ್ತದೆ, ಬೆವರಿದ ಬೆರಳು ಅದರ ಮೇಲೆ ಅಂಟಿಕೊಂಡು ಸರಾಗವಾಗಿ ಸರಿಯುವುದಿಲ್ಲ. ಇನ್ನೊಂದು, ದೂಳುದುರುವ ಕೀಳು ದರ್ಜೆಯ ಮರುಬಳಕೆ ಕಾಗದ. ಮತ್ತೆ ಮತ್ತೆ ಅರೆದ ನಾರುಗಳು ಗಿಡ್ಡವಾಗಿ ಹಿಗ್ಗುವ ಶಕ್ತಿ ಕಳೆದುಕೊಂಡಿರುತ್ತವೆ, ಚುಕ್ಕಿಯ ತಲೆ ಒಡೆಯುತ್ತದೆ, ಉದುರಿದ ಪುಡಿ ಕುಳಿಗಳಲ್ಲಿ ತುಂಬಿಕೊಂಡು ಕ್ರಮೇಣ ಎಲ್ಲ ಚುಕ್ಕಿಗಳನ್ನೂ ತಗ್ಗಿಸುತ್ತದೆ. ಹಾಳೆಯನ್ನು ಕಪ್ಪು ಬಟ್ಟೆಯ ಮೇಲೆ ಕೊಡವಿ ನೋಡುವುದು ಕಣ್ಣಿದ್ದವರ ಪರೀಕ್ಷೆ. ಹಾಳೆಯ ಅಂಚನ್ನು ತೋರುಬೆರಳು ಹೆಬ್ಬೆರಳುಗಳ ನಡುವೆ ಎಳೆದು, ಆಮೇಲೆ ಎರಡೂ ಬೆರಳುಗಳನ್ನು ಉಜ್ಜಿದಾಗ ಪುಡಿಪುಡಿ ಎನಿಸಿದರೆ ಅಷ್ಟೇ ಸಾಕು.

ಇನ್ನು ಖರ್ಚು ಇಳಿಸುವ ಒಂದು ಸಂಗತಿ. ಬೆರಳಿನಿಂದ ಓದುವವರಿಗೆ ಕಾಗದದ ಬಿಳುಪು ಲೆಕ್ಕಕ್ಕಿಲ್ಲ. ಬಣ್ಣ ಸ್ವಲ್ಪ ಮಾಸಿದ್ದಕ್ಕೆ, ಒಂದು ಕಟ್ಟಿನ ಛಾಯೆ ಇನ್ನೊಂದಕ್ಕೆ ಹೊಂದದ್ದಕ್ಕೆ, ಮುದ್ರಕರು ಬೇಡವೆಂದ ಬಣ್ಣದ್ದಾಗಿರುವುದಕ್ಕೆ ಉಳಿದುಹೋದ ಒಳ್ಳೆಯ ಕಾಗದವನ್ನು ವ್ಯಾಪಾರಿಗಳು ಸ್ಟಾಕ್ ಲಾಟ್ ಎಂದು ಕಡಿಮೆ ದರಕ್ಕೆ ಮಾರುತ್ತಾರೆ. ಗಟ್ಟಿತನ, ತೂಕ, ಒಣಗಿರುವಿಕೆ ಸರಿ ಇದ್ದರೆ ಅದು ನಮಗೆ ಹೊಸ ಕಾಗದದಷ್ಟೇ ಯೋಗ್ಯ. ದೃಷ್ಟಿಯುಳ್ಳ ಶಿಕ್ಷಕರೂ ಅದೇ ಹಾಳೆಯಲ್ಲಿ ಚುಕ್ಕಿ ನೋಡಿ ಓದಬೇಕಾದಲ್ಲಿ ಮಾತ್ರ ಕಡು ಬಣ್ಣ ಬೇಡ. ಕಂದು ಕ್ರಾಫ್ಟ್ ಕಾಗದವನ್ನೂ ಕೆಲವರು ಪ್ರಯತ್ನಿಸುತ್ತಾರೆ. ಹೊಸ ನಾರಿನ ಕ್ರಾಫ್ಟ್ ಬಹಳ ಬಲವಾದದ್ದು, ಆದರೆ ನಮ್ಮಲ್ಲಿ ಸಿಗುವ ಕ್ರಾಫ್ಟ್ ಬಹುಮಟ್ಟಿಗೆ ರದ್ದಿಯಿಂದ ಮಾಡಿದ್ದು, ಸುರುಳಿಯಲ್ಲಿ ಬರುವುದರಿಂದ ಬಾಗಿಕೊಂಡೇ ಇರುತ್ತದೆ. ಪರೀಕ್ಷಿಸದೆ ಹೆಚ್ಚು ಕೊಳ್ಳಬೇಡಿ.

ಹಳೆಯ ಟೇಬಲ್ ಕ್ಯಾಲೆಂಡರ್‌ಗಳನ್ನು ಅಂಧಮಕ್ಕಳ ಶಾಲೆಗಳಿಗೆ ಕೊಡುವ ಒಳ್ಳೆಯ ರೂಢಿ ನಮ್ಮಲ್ಲಿದೆ. ಆ ದಪ್ಪ ಹಾಳೆಗಳು ಬ್ರೈಲ್ ಸ್ಲೇಟು (ಕುಳಿಗಳಿರುವ ಚೌಕಟ್ಟು) ಮತ್ತು ಸ್ಟೈಲಸ್‌ನಿಂದ (ಚುಕ್ಕಿ ಒತ್ತುವ ಮೊನೆಯ ಕಡ್ಡಿ) ಕೈಯಲ್ಲಿ ಬರೆಯಲು ಸೊಗಸಾಗಿವೆ. ಎಂಬಾಸರ್‌ಗೆ ಮಾತ್ರ ಅವನ್ನು ಹಾಕಬಾರದು: ಸುರುಳಿ ತಂತಿಯ ತೂತುಗಳ ಅಂಚು ಸಿಕ್ಕಿಕೊಳ್ಳುತ್ತದೆ, ಅಳತೆ ಒಂದೊಂದೂ ಬೇರೆ, ಲೇಪವೂ ಇರುತ್ತದೆ.

ಐದನೆಯ ಹೆಜ್ಜೆ: ದೊಡ್ಡ ಹಾಳೆ ಕೊಂಡು ಕತ್ತರಿಸಿಕೊಳ್ಳುವ ಲೆಕ್ಕ

ಸ್ಟೇಷನರಿ ಅಂಗಡಿಯಲ್ಲಿ ಎ4 ಅಳತೆಯ ದಪ್ಪ ಕಾಗದವನ್ನು 100 ಹಾಳೆಯ ಪೊಟ್ಟಣದಲ್ಲಿ ಕೊಂಡರೆ ಪೊಟ್ಟಣದ, ಹೆಸರಿನ, ಚಿಲ್ಲರೆ ಲಾಭದ ಬೆಲೆಯೂ ಸೇರಿರುತ್ತದೆ. ಸಗಟಿನಲ್ಲಿ ಕಾಗದ ಕಿಲೋ ಲೆಕ್ಕದಲ್ಲಿ ಹೋಗುತ್ತದೆ. ಇದೇ ಲೆಕ್ಕವನ್ನು ಹಿಡಿದು ಯಾವ ಅಂಗಡಿಯ ಬೆಲೆಯನ್ನು ಯಾವುದರ ಜೊತೆಗೂ ಹೋಲಿಸಬಹುದು. ಉದಾಹರಣೆಗೆ ಕಿಲೋಗೆ 100 ರೂಪಾಯಿ ಎಂದು ಇಟ್ಟುಕೊಳ್ಳಿ: 160 ಜಿಎಸ್‌ಎಂನ ಎ4 ಹಾಳೆ 10 ಗ್ರಾಂ ತೂಗುವುದರಿಂದ ಅದರ ಬೆಲೆ 1 ರೂಪಾಯಿ, 120 ಜಿಎಸ್‌ಎಂನದು ಏಳೂವರೆ ಗ್ರಾಂ, 75 ಪೈಸೆ, 80 ಜಿಎಸ್‌ಎಂನದು 5 ಗ್ರಾಂ, 50 ಪೈಸೆ. ಆ ದಿನದ ನಿಜವಾದ ದರವನ್ನು ಹಾಕಿ ಗುಣಿಸಿಕೊಂಡರೆ ಪೊಟ್ಟಣದ ಬೆಲೆ ಎಷ್ಟು ಹೆಚ್ಚು ಎಂಬುದು ತಿಳಿಯುತ್ತದೆ.

ಆದರೆ ದೊಡ್ಡ ಹಾಳೆಯಿಂದ ಕತ್ತರಿಸುವಾಗ ಉಳಿಯುವ ತುಂಡುಗಳಿಗೂ ನೀವೇ ದುಡ್ಡು ಕೊಟ್ಟಿರುತ್ತೀರಿ. ಇದನ್ನು ಲೆಕ್ಕ ಹಾಕದವರೇ ಹೆಚ್ಚು. 23×36 ಅಂಗುಲದ, 140 ಜಿಎಸ್‌ಎಂನ ಒಂದು ಹಾಳೆ ಸುಮಾರು 75 ಗ್ರಾಂ ತೂಗುತ್ತದೆ, ಮೇಲಿನ ದರದಲ್ಲಿ ಏಳೂವರೆ ರೂಪಾಯಿ. ಅದರಲ್ಲಿ ನೇರವಾಗಿ ಕತ್ತರಿಸಿದರೆ 6 ಎ4 ಹಾಳೆಗಳು ಮಾತ್ರ ಬರುತ್ತವೆ, ಒಂದೊಂದಕ್ಕೆ 1 ರೂಪಾಯಿ 25 ಪೈಸೆ ಬೀಳುತ್ತದೆ, ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ರದ್ದಿಗೆ ಹೋಗುತ್ತದೆ. ನಾಲ್ಕನ್ನು ಉದ್ದಕ್ಕೂ ಮೂರನ್ನು ಅಡ್ಡಕ್ಕೂ ಜೋಡಿಸಿ ಕತ್ತರಿಸಿದರೆ 7 ಬರುತ್ತವೆ. 25×36 ಅಂಗುಲದ ಹಾಳೆ ಸಿಕ್ಕರೆ ನೇರವಾಗಿಯೇ 8 ಎ4 ಬರುತ್ತವೆ, ಒಂದಕ್ಕೆ ಸುಮಾರು 1 ರೂಪಾಯಿ 2 ಪೈಸೆ. ಯಂತ್ರ ಸ್ವೀಕರಿಸುವುದಾದರೆ ನಾನು ಹೆಚ್ಚು ಇಷ್ಟಪಡುವ ಅಳತೆ ಇದಾವುದೂ ಅಲ್ಲ. 23×36ರ ಹಾಳೆಯನ್ನು 9 ಅಂಗುಲ ಅಗಲ, ಹನ್ನೊಂದೂವರೆ ಅಂಗುಲ ಉದ್ದದ 8 ತುಂಡುಗಳಾಗಿ ಕತ್ತರಿಸಿದರೆ ಏನೂ ಉಳಿಯುವುದಿಲ್ಲ. ಒಂದಕ್ಕೆ 94 ಪೈಸೆ, ಅಗಲ ಹೆಚ್ಚಿರುವುದರಿಂದ ಸಾಲಿಗೆ 30ರ ಬದಲು 33 ಸೆಲ್‌ಗಳು. ಅಂಚು ಸವರಿ ಸಮ ಮಾಡಲು ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ, ಅದನ್ನು ಯಂತ್ರದ ಪುಟದ ಅಳತೆಯಲ್ಲಿ ಹೊಂದಿಸಿಕೊಳ್ಳಬಹುದು.

7 ತುಂಡಿನ ಜೋಡಣೆಯನ್ನು ನಾನು ಶಿಫಾರಸು ಮಾಡುವುದಿಲ್ಲ. ಕಾರಣ ನಾರಿನ ದಿಕ್ಕು. ಗಿರಣಿಯಲ್ಲಿ ಕಾಗದ ಓಡುವ ದಿಕ್ಕಿಗೇ ನಾರುಗಳು ಹೆಚ್ಚಾಗಿ ಮಲಗುತ್ತವೆ. ನಾರಿಗೆ ಸಮನಾದ ಗೆರೆಯಲ್ಲಿ ಹಾಳೆ ಸುಲಭವಾಗಿ ಬಾಗುತ್ತದೆ, ಅಡ್ಡಲಾಗಿ ಸೆಟೆದುಕೊಳ್ಳುತ್ತದೆ. ಕೆಲವು ಹಾಳೆ ಉದ್ದ ನಾರಿನವು, ಕೆಲವು ಅಡ್ಡ ನಾರಿನವು ಬೆರೆತ ಕಟ್ಟನ್ನು ಯಂತ್ರಕ್ಕೆ ಹಾಕಿದರೆ ಒಂದು ಹಾಳೆ ನೆಟ್ಟಗೆ ಹೋಗಿ ಮುಂದಿನದು ಮುದುಡುತ್ತದೆ, ತೇವದ ದಿನಗಳಲ್ಲಿ ಒಂದೊಂದು ಒಂದೊಂದು ಕಡೆಗೆ ಸುರುಳಿ ಸುತ್ತುತ್ತದೆ. ಹಾಳೆಯನ್ನು ಅಂಗೈಗಳ ನಡುವೆ ಹಿಡಿದು ಮೆಲ್ಲಗೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಬಾಗಿಸಿ ನೋಡಿದರೆ ಯಾವ ಕಡೆ ಸಲೀಸು ಎಂಬುದು ಕೈಗೇ ತಿಳಿಯುತ್ತದೆ. ಪುಸ್ತಕವಾಗಿ ಬೈಂಡ್ ಮಾಡುವ ಹಾಳೆಗಳಲ್ಲಿ ನಾರು ಬೈಂಡಿಂಗಿನ ಅಂಚಿಗೆ ಸಮನಾಗಿದ್ದರೆ ಪುಟ ಹಗುರಾಗಿ ತಿರುಗುತ್ತದೆ, ತೆರೆದಿಟ್ಟಾಗ ಚಪ್ಪಟೆಯಾಗಿ ಕೂರುತ್ತದೆ. ಎರಡೂ ಕೈಗಳಿಂದ ಓದುವವರಿಗೆ ಇದು ದೊಡ್ಡ ಅನುಕೂಲ.

ಕತ್ತರಿಸುವ ಕೆಲಸವನ್ನು ಪ್ರೆಸ್ಸಿನ ಕಟಿಂಗ್ ಮಷಿನ್‌ನಲ್ಲೇ ಮಾಡಿಸಿ. ಕೂಲಿಯನ್ನು ಹಾಳೆಗಳ ಸಂಖ್ಯೆಗೆ ಹಂಚಿದರೆ ಅದು ಅತ್ಯಲ್ಪ. ಮನೆಯ ಕತ್ತರಿಯಿಂದ ಕತ್ತರಿಸಿದ ಹಾಳೆಗಳು ಚೌಕ ತಪ್ಪಿ, ಸಾಲುಗಳು ಓರೆಯಾಗಿ, ಕಡೆಗೆ ಕಾಗದವೇ ಸಿಕ್ಕಿಕೊಳ್ಳುತ್ತದೆ. ನಾಲ್ಕೂ ಮೂಲೆಗಳು ಸರಿಯಾಗಿವೆಯೇ ಎಂದು ನೋಡಲು ಕಟ್ಟಿನಿಂದ ಎರಡು ಹಾಳೆ ತೆಗೆದು, ಒಂದನ್ನು ಮಗುಚಿ ಇನ್ನೊಂದರ ಮೇಲಿಟ್ಟು ಅಂಚುಗಳನ್ನು ಬೆರಳಿನಿಂದ ಸವರಿ.

ಮಡಿಕೆ ಕಾಗದದ ಯಂತ್ರವುಳ್ಳವರಿಗೆ ಈ ದಾರಿ ಇಲ್ಲ. ಕಂಪ್ಯೂಟರ್ ಸ್ಟೇಷನರಿ ಎಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳಿಗೆ ಸಿಗುವ ಕಾಗದದ ಅಂಚಿನ ತೂತುಗಳು ಅರ್ಧ ಅಂಗುಲಕ್ಕೊಂದರಂತೆ ಇರುವುದರಿಂದ ಯಂತ್ರದಲ್ಲಿ ಕೂರಬಹುದು, ಆದರೆ ಅದು ಸಾಮಾನ್ಯವಾಗಿ ತೆಳುವಾದದ್ದು, ಕರಡಿಗೆ ಮಾತ್ರ ತಕ್ಕದ್ದು. ಅದನ್ನು ತಯಾರಿಸುವ ಕಾರ್ಖಾನೆಗಳು ದಪ್ಪ ಕಾಗದದಲ್ಲೂ ಮಾಡಿಕೊಡಬಲ್ಲವು, ಕನಿಷ್ಠ ಪ್ರಮಾಣ ಮಾತ್ರ ಒಂದು ಮನೆಗೆ ಮೀರಿದ್ದಾಗಿರುತ್ತದೆ. ಬೆಂಗಳೂರಿನ ಮಿತ್ರ ಜ್ಯೋತಿಯಂತೆ ಬ್ರೈಲ್ ಮುದ್ರಣ ನಡೆಸುವ ಸಂಸ್ಥೆಯನ್ನೋ, ನಿಮ್ಮ ಜಿಲ್ಲೆಯ ಅಂಧಮಕ್ಕಳ ಶಾಲೆಯನ್ನೋ ಕೇಳಿ, ಅವರು ತರಿಸುವಾಗ ನಿಮ್ಮ ಪಾಲನ್ನೂ ಸೇರಿಸಿಕೊಳ್ಳಲು ವಿನಂತಿಸುವುದು ಒಳ್ಳೆಯದು. ಇನ್ನೂ ಯಂತ್ರ ಕೊಳ್ಳದವರು ಬಿಡಿ ಹಾಳೆಯ ಮಾದರಿಯನ್ನು ಪರಿಗಣಿಸಲು ಇದೊಂದು ಬಲವಾದ ಕಾರಣ.

ಆರನೆಯ ಹೆಜ್ಜೆ: ಕೊಳ್ಳುವ ಮೊದಲು ಮುದ್ರಿಸಿ ನೋಡುವುದು

ಪ್ರತಿ ಬಗೆಯಿಂದ ಹತ್ತು ಹಾಳೆಗಳ ಮಾದರಿ ಕೇಳಿ ಮನೆಗೆ ತನ್ನಿ. ದುಡ್ಡು ಕೊಟ್ಟಾದರೂ ತರುವುದು ಲೇಸು, ಒಂದು ರೀಮು (500 ಹಾಳೆಗಳ ಕಟ್ಟು) ಕೊಂಡ ಮೇಲೆ ಪಶ್ಚಾತ್ತಾಪ ಪಡುವುದಕ್ಕಿಂತ. ಒಂದು ದಿನ ಯಂತ್ರವಿರುವ ಕೋಣೆಯಲ್ಲಿಯೇ ಬಿಟ್ಟು ಅಲ್ಲಿನ ಹವೆಗೆ ಹೊಂದಿಕೊಳ್ಳಲು ಬಿಡಿ. ಯಾವ ಹಾಳೆ ಯಾವ ಅಂಗಡಿಯದು ಎಂದು ಮೂಲೆಯಲ್ಲಿ ಬ್ರೈಲ್‌ನಲ್ಲೇ ಗುರುತು ಹಾಕಿಕೊಳ್ಳಿ.

ಪರೀಕ್ಷೆಯ ಪುಟವನ್ನು ಹೀಗೆ ರಚಿಸಬಹುದು. ಮೊದಲ ಎರಡು ಸಾಲುಗಳಲ್ಲಿ ಢ ಅಕ್ಷರವನ್ನೇ ಸಾಲು ತುಂಬ ಹಾಕಿ. ಅದಕ್ಕೆ ಆರೂ ಚುಕ್ಕಿಗಳಿರುವುದರಿಂದ ಕಾಗದಕ್ಕೆ ಬೀಳುವ ಅತಿ ಹೆಚ್ಚಿನ ಒತ್ತಡ ಅಲ್ಲಿಯೇ. ಮುಂದಿನ ಎರಡು ಸಾಲುಗಳಲ್ಲಿ ಒಂದೇ ಚುಕ್ಕಿಯ ಅ ಅಕ್ಷರವನ್ನು ಹಾಕಿ. ಒಂಟಿ ಚುಕ್ಕಿ ಸಾಕಷ್ಟು ಎತ್ತರವಾಗಿ ಸಿಗುತ್ತದೆಯೇ ಎಂದು ಇಲ್ಲಿ ತಿಳಿಯುತ್ತದೆ. ಅನಂತರ ಮ ಮತ್ತು ಕ, ಪ ಮತ್ತು ಲ, ಟ ಮತ್ತು ಢ ಹೀಗೆ ಒಂದೇ ಚುಕ್ಕಿಯ ವ್ಯತ್ಯಾಸವಿರುವ ಜೋಡಿಗಳನ್ನು ಬೆರೆಸಿ ಬರೆಯಿರಿ. ಉಳಿದ ಜಾಗದಲ್ಲಿ ಓದುವವರಿಗೆ ಪರಿಚಯವಿಲ್ಲದ ಗದ್ಯಭಾಗವನ್ನು ಹಾಕಿ. ಬಾಯಿಪಾಠವಿರುವ ಪದ್ಯ ಹಾಕಿದರೆ ಕಾಗದವನ್ನಲ್ಲ, ನೆನಪನ್ನು ಪರೀಕ್ಷಿಸಿದಂತಾಗುತ್ತದೆ.

ಹೊಡೆತದ ಬಲವನ್ನು ಬದಲಿಸುವ ಸೌಲಭ್ಯ ಯಂತ್ರದಲ್ಲಿದ್ದರೆ ಮಧ್ಯಮದಿಂದ ಆರಂಭಿಸಿ. ಢ ಸಾಲಿನ ಚುಕ್ಕಿಗಳ ನೆತ್ತಿಯ ಮೇಲೆ ಬೆರಳಿನ ತುದಿಯನ್ನು ಆಡಿಸಿದಾಗ ಚುರುಕ್ಕೆಂದು ಚುಚ್ಚಿದರೆ ಕಾಗದ ಹರಿದಿದೆ ಎಂದರ್ಥ. ಬಲ ತಗ್ಗಿಸಿ ಮತ್ತೊಂದು ಹಾಳೆ ತೆಗೆಯಿರಿ. ತಗ್ಗಿಸಿದಾಗ ಅ ಸಾಲು ಮಂಕಾದರೆ ಆ ಕಾಗದ ನಿಮ್ಮ ಯಂತ್ರಕ್ಕೆ ಒಗ್ಗುವುದಿಲ್ಲ, ಬೆಲೆ ಎಷ್ಟೇ ಕಡಿಮೆಯಿರಲಿ ಬಿಟ್ಟುಬಿಡಿ. ಎರಡೂ ಬದಿಗೆ ಮುದ್ರಿಸುವ ಯಂತ್ರವಾದರೆ ಅದನ್ನೂ ಪರೀಕ್ಷಿಸಲೇಬೇಕು. ಇಂಟರ್‌ಪಾಯಿಂಟ್ ಎನ್ನುವ ಈ ಕ್ರಮದಲ್ಲಿ ಹಿಂಬದಿಯ ಚುಕ್ಕಿಗಳು ಮುಂಬದಿಯ ಚುಕ್ಕಿಗಳ ನಡುವಿನ ಜಾಗಕ್ಕೆ ಬೀಳುತ್ತವೆ. ಕಾಗದದ ಖರ್ಚು ಒಮ್ಮೆಲೇ ಅರ್ಧಕ್ಕಿಳಿಯುವ ದಾರಿ ಇದು. ತೆಳು ಕಾಗದದಲ್ಲಿ ಎರಡೂ ಬದಿಯ ಉಬ್ಬುತಗ್ಗುಗಳು ಒಂದನ್ನೊಂದು ಎಳೆದು ಹಾಳೆ ಸುಕ್ಕಾಗುವುದರಿಂದ, ಎರಡು ಹಾಳೆ ತೆಳು ಕಾಗದಕ್ಕೆ ಬದಲು ಒಂದು ಹಾಳೆ ಒಳ್ಳೆಯ 140 ಜಿಎಸ್‌ಎಂ ಕಾಗದವೇ ಹಲವು ಸಲ ಅಗ್ಗ. ಮೇಲಿನ ದರದಲ್ಲೇ 100 ಜಿಎಸ್‌ಎಂನ ಎರಡು ಎ4 ಹಾಳೆಗೆ 1 ರೂಪಾಯಿ 25 ಪೈಸೆ, 140 ಜಿಎಸ್‌ಎಂನ ಒಂದಕ್ಕೆ 87 ಪೈಸೆ.

ಬಾಳಿಕೆಯ ಪರೀಕ್ಷೆಗೆ ಒಂದು ರಾತ್ರಿ ಬೇಕು. ಮುದ್ರಿಸಿದ ಪುಟವನ್ನು ಒಮ್ಮೆ ಓದಿಸಿ, ಬಳಿಕ ದಪ್ಪ ಪುಸ್ತಕಗಳ ಕೆಳಗೆ ಇಟ್ಟು ಮರುದಿನ ಮತ್ತೆ ಓದಿಸಿ. ಪಕ್ಕದಲ್ಲಿ ಹೊಸದಾಗಿ ತೆಗೆದ ಪ್ರತಿಯನ್ನೂ ಇಟ್ಟು ಹೋಲಿಸಲು ಹೇಳಿ. ಜೋಡಿ ಅಕ್ಷರಗಳ ಸಾಲಿನಲ್ಲಿ ತಡವರಿಸಿದರೋ ಇಲ್ಲವೋ ಎಂಬುದನ್ನು ಗಮನಿಸುವುದೇ ಮುಖ್ಯ. ಈ ತೀರ್ಪನ್ನು ಕೊಡಬೇಕಾದವರು ಆ ಪುಟಗಳನ್ನು ನಿಜವಾಗಿ ಓದುವವರು. ಮನೆಯ ದೃಷ್ಟಿಯುಳ್ಳವರು ಚುಕ್ಕಿಗಳನ್ನು ನೋಡಿ ಚೆನ್ನಾಗಿ ಬಂದಿವೆ ಎಂದು ನಿರ್ಧರಿಸುವುದನ್ನು ದಯವಿಟ್ಟು ಮಾಡಬೇಡಿ. ಕಣ್ಣಿಗೆ ಅಂದವಾಗಿ ಕಾಣುವ ಚುಕ್ಕಿ ಬೆರಳಿಗೆ ಸಿಗದೇ ಇರಬಹುದು. ವಯಸ್ಸಾದವರ, ಮಧುಮೇಹದಿಂದ ಬೆರಳಿನ ಸ್ಪರ್ಶ ಮಂದವಾದವರ ಅಗತ್ಯವೂ ಚುರುಕಾದ ಹದಿನೈದರ ಹುಡುಗಿಯ ಅಗತ್ಯವೂ ಒಂದೇ ಅಲ್ಲ.

ಏಳನೆಯ ಹೆಜ್ಜೆ: ಕೊಂಡು ಕಾಪಾಡುವುದು

ಮೊದಲ ಸಲ ಒಂದೇ ರೀಮು ಕೊಳ್ಳಿ. ಬಿಲ್‌ನಲ್ಲಿ ಗಿರಣಿಯ ಹೆಸರು, ಜಿಎಸ್‌ಎಂ, ಅಳತೆ ಮೂರನ್ನೂ ಬರೆಯಿಸಿಕೊಂಡರೆ ಮುಂದಿನ ಸಲ ಅದನ್ನೇ ಕೇಳಿ ಪಡೆಯಬಹುದು. ಕಾಗದ ಹೀರುವ ತೇವ ಚುಕ್ಕಿಯ ಮೊದಲ ಶತ್ರು. ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದಿಟ್ಟ ಕಾಗದ ಮೆತ್ತಗಾಗಿ, ಅದೇ ಯಂತ್ರ ಅದೇ ಬಲದಲ್ಲಿ ಹೊಡೆದರೂ ಚುಕ್ಕಿಗಳು ಸೋತು ನಿಲ್ಲುತ್ತವೆ. ಪೊಟ್ಟಣ ಒಡೆದ ಮೇಲೆ ಉಳಿದದ್ದನ್ನು ಗಟ್ಟಿ ಪಾಲಿಥೀನ್ ಚೀಲದಲ್ಲಿ ಸುತ್ತಿ, ನೆಲಕ್ಕೂ ಗೋಡೆಗೂ ತಾಗದಂತೆ ಮರದ ಹಲಗೆಯ ಮೇಲೆ ಮಲಗಿಸಿ ಇಡಿ. ಬಯಲುಸೀಮೆಯ ಬೇಸಿಗೆಯಲ್ಲಿ ತೊಂದರೆ ಇದರ ವಿರುದ್ಧ: ಅತಿಯಾಗಿ ಒಣಗಿದ ಕಾಗದ ಪೆಡಸಾಗಿ ಚುಕ್ಕಿಯ ನೆತ್ತಿ ಬಿರಿಯುತ್ತದೆ. ಅಲ್ಲಿಯೂ ಮುಚ್ಚಿಡುವುದೇ ಉಪಾಯ. ಮುದ್ರಿಸಿದ ಪುಸ್ತಕಗಳನ್ನು ಮಾತ್ರ ಮಲಗಿಸಬೇಡಿ, ಒಂದರ ಮೇಲೊಂದು ಪೇರಿಸಬೇಡಿ. ಕಪಾಟಿನಲ್ಲಿ ನೆಟ್ಟಗೆ, ಒತ್ತಾಗದಂತೆ ನಿಲ್ಲಿಸಿ. ಹೀಗೆ ನಿಲ್ಲಿಸಿಟ್ಟ 120 ಜಿಎಸ್‌ಎಂ ಪುಸ್ತಕ, ರಾಶಿಯ ಅಡಿಯಲ್ಲಿ ಸಿಕ್ಕ 160 ಜಿಎಸ್‌ಎಂ ಪುಸ್ತಕಕ್ಕಿಂತ ಹೆಚ್ಚು ಕಾಲ ಬಾಳಬಲ್ಲದು.

ಕಾಗದ ಕೊಳ್ಳದೆಯೂ ಕಾಗದ ಉಳಿಸಬಹುದು. ಕನ್ನಡ ಪಠ್ಯವನ್ನು ಬ್ರೈಲ್‌ಗೆ ತಿರುಗಿಸಲು ಲಿಬ್‌ಲೂಯಿಯಂಥ ಉಚಿತ ತಂತ್ರಾಂಶದ ನೆರವಿದೆ, ಅದರಲ್ಲಿ ಕನ್ನಡದ ಕೋಷ್ಟಕವೂ ಸೇರಿದೆ. ಮುದ್ರಿಸುವ ಮೊದಲೇ ಕಡತದಲ್ಲಿ ಎಷ್ಟು ಪುಟಗಳಾಗುತ್ತವೆ ಎಂದು ನೋಡಿ. ಪ್ಯಾರಾಗಳ ನಡುವೆ ಖಾಲಿ ಸಾಲು ಬಿಡುವ ಬದಲು ಎರಡು ಸೆಲ್ ಒಳಗೆ ಸರಿಸಿ ಆರಂಭಿಸಿದರೆ, ಪುಟಸಂಖ್ಯೆಗೆ ಪ್ರತ್ಯೇಕ ಸಾಲು ಕೊಡದಿದ್ದರೆ, ಮೂಲದಲ್ಲಿ ಅಲಂಕಾರಕ್ಕೆ ಹಾಕಿದ ಗೆರೆ ನಕ್ಷತ್ರಗಳನ್ನು ತೆಗೆದರೆ ದೀರ್ಘ ಬರಹದಲ್ಲಿ ಹಲವು ಹಾಳೆಗಳು ಉಳಿಯುತ್ತವೆ. ಪದ್ಯಕ್ಕೂ ಗಣಿತಕ್ಕೂ ಮಾತ್ರ ಇಷ್ಟು ಬಿಗಿ ಬೇಡ, ಅಲ್ಲಿ ಖಾಲಿ ಜಾಗವೂ ಅರ್ಥದ ಭಾಗವೇ.

ಸಿದ್ಧವಾದ ಪುಸ್ತಕವನ್ನು ಊರಿನಲ್ಲಿರುವ ಬಂಧುವಿಗೋ ಗೆಳೆಯರಿಗೋ ಕಳಿಸುವವರು ತೂಕದ ಲೆಕ್ಕವನ್ನು ಇನ್ನೊಮ್ಮೆ ನೆನೆಯಬೇಕು. ಭಾರತೀಯ ಅಂಚೆಯಲ್ಲಿ ಅಂಧರ ಸಾಹಿತ್ಯದ ಪೊಟ್ಟಣಗಳಿಗೆ 7 ಕಿಲೋವರೆಗೆ ಭೂಮಾರ್ಗದಲ್ಲಿ ಅಂಚೆ ದರವಿಲ್ಲ. ಪೊಟ್ಟಣದ ಮೇಲೆ ಅಂಧರ ಸಾಹಿತ್ಯವೆಂದು ಬರೆದು, ಒಳಗಿರುವುದನ್ನು ಪರಿಶೀಲಿಸಲು ಬರುವಂತೆ ಕಟ್ಟಿರಬೇಕು. 160 ಜಿಎಸ್‌ಎಂನ 700 ಎ4 ಹಾಳೆಗಳೇ 7 ಕಿಲೋ ಆಗುವುದರಿಂದ ರಟ್ಟು, ಸುತ್ತುಬಟ್ಟೆಯ ತೂಕವನ್ನೂ ಗಣಿಸಿ ಒಂದು ಪೊಟ್ಟಣಕ್ಕೆ 600 ಹಾಳೆಗಳಿಗೆ ನಿಲ್ಲಿಸುವುದು ಕ್ಷೇಮ. ಹಾಳೆಗಳ ಎರಡೂ ಬದಿಗೆ ಗಟ್ಟಿ ರಟ್ಟನ್ನಿಟ್ಟು, ದಾರವನ್ನು ಬಿಗಿಯದೆ ಕಟ್ಟಿ.